ಕ್ಲಬ್ಬಿನ ಪಂಕ್ತಿಯಲ್ಲಿ ಅತಿಥಿಯ ಸ್ಥಾನ

ಸದಸ್ಯನಲ್ಲದವನು ಕ್ಲಬ್ಬಿನ ಭೋಜನಶಾಲೆಯಲ್ಲಿ ಕುಳಿತು ಉಣ್ಣಬಹುದೇ, ಉಣ್ಣಬಾರದೇ? ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವಾದುದು. ಹಸಿದವನು ಕ್ಲಬ್ಬಿನ ಬಾಗಿಲಿಗೇ ಹೋಗಬೇಕೆಂಬ ನಿರ್ಬಂಧವೇನೂ ಇಲ್ಲ; ಊರಿನಲ್ಲಿ ಹೋಟೆಲುಗಳಿಗೆ ಬರಗಾಲವೂ ಇಲ್ಲ. ಆದರೂ ಈ ಅಲ್ಪ ಪ್ರಶ್ನೆಯ ಒಡಲಿನಲ್ಲಿ, ಯಾರು ಯಾರೊಡನೆ ಕುಳಿತು ಉಣ್ಣಬಹುದೆಂಬ ಹಳೆಯ ಮತ್ತು ದೊಡ್ಡ ಪ್ರಶ್ನೆಯೊಂದು ಅಡಗಿದೆ. ಆ ಪ್ರಶ್ನೆಯಿಂದ ಈ ದೇಶವು ಎಷ್ಟು ಶತಮಾನಗಳ ಕಾಲ ನೊಂದಿತೆಂಬುದನ್ನು ವಿದ್ಯಾವಂತರಾದ ವಾಚಕರಿಗೆ ವಿವರಿಸಬೇಕಾದುದಿಲ್ಲ. ಬಾಗಿಲಿನಿಂದ ಹೊರದೂಡಿದ ಅನಿಷ್ಟವು ಕಿಟಕಿಯಿಂದ ಒಳಕ್ಕೆ ಬರುತ್ತಲಿರುವಾಗ ಕಣ್ಣು ಮುಚ್ಚಿಕೊಂಡಿರುವುದು ವಿವೇಕವಲ್ಲ.

ಈ ವಿಷಯದಲ್ಲಿ ಎರಡು ಪಕ್ಷಗಳು ಕೇಳಬರುತ್ತಲಿವೆ. ಕ್ಲಬ್ಬು ಖಾಸಗಿಯಾದ ಮನೆ. ಯಾರನ್ನು ಕೂರಿಸಬೇಕು, ಯಾರನ್ನು ಎಬ್ಬಿಸಬೇಕು ಎಂಬುದು ಮನೆಯವರ ಇಚ್ಛೆ. ಹೊರಗಿನವರಿಗೆ ಅದರಲ್ಲಿ ಕೇಳುವ ಹಕ್ಕಿಲ್ಲ ಎಂಬುದು ಮೊದಲನೆಯದು. ಹಣ ಕೊಡುವುದಕ್ಕೆ ಸಿದ್ಧನಾದ ಪ್ರತಿಯೊಬ್ಬನಿಗೂ ಕ್ಲಬ್ಬುಗಳು ಬಡಿಸತಕ್ಕದ್ದು, ಇಲ್ಲವಾದರೆ ಅವು ಅಹಂಕಾರದ ಕೋಟೆಗಳು ಎಂಬುದು ಎರಡನೆಯದು. ಇವೆರಡೂ ಸಾಧುವಾದ ಪಕ್ಷಗಳಲ್ಲ. ಕ್ರಯಕ್ಕೆ ಉಣ್ಣಬಂದ ಅನ್ಯನಿಗೆ ಕ್ಲಬ್ಬು ಇಲ್ಲವೆನ್ನಬಹುದು. ಸದಸ್ಯನು ಕರೆತಂದ ಅತಿಥಿಗಳಲ್ಲಿ ಮಾತ್ರ ಭೇದವೆಣಿಸಕೂಡದು. ಸಿದ್ಧಾಂತವು ಇಷ್ಟೇ. ಇದನ್ನು ಸ್ಥಾಪಿಸುವುದಕ್ಕೆ ಮುಂಚೆ ಪೂರ್ವಪಕ್ಷದಲ್ಲಿ ಸತ್ಯವೆಷ್ಟಿದೆಯೆಂಬುದನ್ನು ನ್ಯಾಯವಾಗಿ ನೋಡಬೇಕು.

ಕ್ಲಬ್ಬೆಂಬುದು ಪಾಶ್ಚಾತ್ಯರಿಂದ ಬಂದ ಪದ್ಧತಿ. ಊರ ಹೊರಗಿನ ಬಯಲಿನಲ್ಲಿ ಆಟ, ವಿಹಾರ, ಭೋಜನಗಳಿಗಾಗಿ ಕಟ್ಟಿಕೊಂಡ ಕಂಟ್ರಿ ಕ್ಲಬ್ಬುಗಳಿಗೆ ಅಮೆರಿಕಾ ದೇಶದ ಮ್ಯಾಸಚೂಸೆಟ್ಸ್ ಪ್ರಾಂತದ ಬ್ರೂಕ್‌ಲೈನ್ ಎಂಬಲ್ಲಿ 1882ನೆಯ ಇಸವಿಯಲ್ಲಿ ಸ್ಥಾಪಿತವಾದ ಕ್ಲಬ್ಬನ್ನು ಮೂಲವೆಂದು ಹೇಳುವರು. ಕನ್ನಡನಾಡಿನಲ್ಲಿ ಅದಕ್ಕೂ ಮುಂಚೆಯೇ, 1868ನೆಯ ಇಸವಿಯಲ್ಲಿ, ಬೆಂಗಳೂರಿನ ದಂಡಿನ ಅಧಿಕಾರಿಗಳಿಗಾಗಿ ಕ್ಲಬ್ಬೊಂದು ಹುಟ್ಟಿತು. ಅದೇ ಇಂದಿನ ಬೆಂಗಳೂರು ಕ್ಲಬ್ಬು. ಇವೆಲ್ಲವುಗಳ ವ್ಯವಸ್ಥೆಯ ತಿರುಳೊಂದೇ. ಸದಸ್ಯರು ಹಣವನ್ನು ಕೂಡಿಸುವರು. ಆ ಹಣದಿಂದ ಅಡಿಗೆಯವರನ್ನೂ ಸಾಮಗ್ರಿಗಳನ್ನೂ ಒದಗಿಸಿಕೊಳ್ಳುವರು. ಉಂಡವನು ಚೀಟಿಗೆ ರುಜು ಹಾಕಿ ತಿಂಗಳ ಕೊನೆಯಲ್ಲಿ ಲೆಕ್ಕ ತೀರಿಸುವನು. ಇಲ್ಲಿ ಮಾರುವವನೂ ಕೊಳ್ಳುವವನೂ ಒಬ್ಬನೇ ಆದುದರಿಂದ ಇದು ವ್ಯಾಪಾರವಲ್ಲ. ಎಡಗೈಯ ಹಣವನ್ನು ಬಲಗೈಗೆ ಬದಲಾಯಿಸಿಕೊಂಡವನನ್ನು ವರ್ತಕನೆಂದು ಯಾರೂ ಕರೆಯುವುದಿಲ್ಲವಷ್ಟೆ.

ನ್ಯಾಯಾಲಯಗಳು ಇದನ್ನು ಪರಸ್ಪರತೆಯ ತತ್ತ್ವವೆಂದು ಹೇಳುವುವು. ಸದಸ್ಯರಿಗೆ ಬಡಿಸಿದ ಅನ್ನಪಾನಗಳನ್ನೂ ಮಾರಾಟವೆಂದೆಣಿಸಿ ತೆರಿಗೆ ಹಾಕುವುದಕ್ಕೆ 1982ನೆಯ ಇಸವಿಯ ಸಂವಿಧಾನ ತಿದ್ದುಪಡಿಯು ದಾರಿ ಮಾಡಿತೆಂದು ಸರಕಾರಗಳು ವಾದಿಸಿದುವು. ಕಲ್ಕತ್ತಾ ಕ್ಲಬ್ಬಿನ ವ್ಯಾಜ್ಯದಲ್ಲಿ 2019ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಆ ತಿದ್ದುಪಡಿಯ ತರುವಾಯವೂ ಪರಸ್ಪರತೆಯು ಅಳಿದಿಲ್ಲವೆಂದು ತೀರ್ಪಿತ್ತಿತು. 2021ನೆಯ ಇಸವಿಯಲ್ಲಿ ಕೇಂದ್ರವು ಬೇರೊಂದು ಶಾಸನದಿಂದ ಕ್ಲಬ್ಬನ್ನೂ ಸದಸ್ಯನನ್ನೂ ಎರಡು ವ್ಯಕ್ತಿಗಳೆಂದು ಕಲ್ಪಿಸಿತು. ಅದನ್ನು 2025ನೆಯ ಇಸವಿಯಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಸಂವಿಧಾನಬಾಹಿರವೆಂದಿತು. ವಾದಗಳು ಹೀಗೆ ಬೆಳೆಯುತ್ತಲಿರಲಿ. ಹೊರಗಿನವರೊಡನೆ ವ್ಯವಹಾರಕ್ಕಿಳಿದೊಡನೆ ಪರಸ್ಪರತೆಯ ಗಂಟು ಸಡಿಲುವುದೆಂಬುದು ಮಾತ್ರ ನಿರ್ವಿವಾದ. ಬೆಂಗಳೂರು ಕ್ಲಬ್ಬು ತನ್ನ ಸದಸ್ಯತ್ವವನ್ನು ಪಡೆದಿದ್ದ ಬ್ಯಾಂಕುಗಳಲ್ಲಿಯೇ ಠೇವಣಿಯಿಟ್ಟು, ಅದರ ಬಡ್ಡಿಗೂ ತೆರಿಗೆಯಿಲ್ಲವೆಂದು ವಾದಿಸಿದಾಗ, ಬ್ಯಾಂಕು ಆ ಹಣವನ್ನು ಅನ್ಯರಿಗೆ ಸಾಲ ಕೊಟ್ಟಿತಾದುದರಿಂದ ಪರಸ್ಪರತೆಯು ಅಲ್ಲಿಗೆ ಮುಗಿಯಿತೆಂದು ಸರ್ವೋಚ್ಚ ನ್ಯಾಯಾಲಯವು 2013ನೆಯ ಇಸವಿಯಲ್ಲಿ ಹೇಳಿತು.

ಅಮೆರಿಕಾ ದೇಶದಲ್ಲಿಯೂ ಇದೇ ನ್ಯಾಯ. 1976ನೆಯ ಇಸವಿಯ ಶಾಸನಕ್ಕನುಸಾರವಾಗಿ, ವಿನೋದಕ್ಕಾಗಿ ಕೂಡಿದ ಕ್ಲಬ್ಬೊಂದು ತನ್ನ ಭೋಜನಶಾಲೆ ಮೊದಲಾದುವುಗಳನ್ನು ಹೊರಗಿನವರಿಗೆ ತೆರೆದು ಪಡೆಯುವ ಹಣವು ಒಟ್ಟು ವರಮಾನದ ನೂರರಲ್ಲಿ 15 ಪಾಲನ್ನು ಮೀರಿದರೆ ತೆರಿಗೆಯ ವಿನಾಯಿತಿಗೆ ಸಂಚಕಾರ ಬರುವುದು. ಆದಕಾರಣ ಬೀದಿಯಲ್ಲಿ ಹೋಗುತ್ತಿರುವವನು ಒಳನುಗ್ಗಿ, ಹಣವಿದೆ, ಬಡಿಸಿರಿ ಎಂದರೆ, ಇದು ಹೋಟೆಲಲ್ಲವಯ್ಯಾ ಎಂದು ಹೇಳುವ ಅಧಿಕಾರವು ಕ್ಲಬ್ಬಿಗೆ ಉಂಟು. ಸಂಘಗಳನ್ನು ಕಟ್ಟಿಕೊಳ್ಳುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ಅನುಚ್ಛೇದವೇ ಕೊಟ್ಟಿರುವಾಗ, ಕೂಡಿದವರು ತಮ್ಮ ಅಡಿಗೆಯನ್ನು ತಾವು ಉಣ್ಣುವುದರಲ್ಲಿ ಅಧರ್ಮವೇನೂ ಇಲ್ಲ. ಎರಡನೆಯ ಪಕ್ಷವು ಇಲ್ಲಿಗೆ ನಿರಸ್ತವಾಯಿತು.

ಇನ್ನು ಮೊದಲನೆಯ ಪಕ್ಷ. ಅದರ ಬಲವೆಲ್ಲವೂ ಮನೆ ಎಂಬ ಒಂದು ಶಬ್ದದಲ್ಲಿದೆ. ಹಾಗಾದರೆ ಆ ಶಬ್ದವನ್ನೇ ಹಿಡಿದು ಪರೀಕ್ಷಿಸೋಣ. ಯಾವ ಕ್ಲಬ್ಬೂ ಸದಸ್ಯರಿಗೆ ಮಾತ್ರವೇ ಬಡಿಸಿ ಬಾಗಿಲು ಮುಚ್ಚುವುದಿಲ್ಲ. ಸದಸ್ಯನು ಅತಿಥಿಗಳನ್ನು ಕರೆತರಬಹುದು, ಅವರ ಹೆಸರನ್ನು ಪುಸ್ತಕದಲ್ಲಿ ಬರೆಯತಕ್ಕದ್ದು, ಅವರ ಊಟದ ಹಣವನ್ನು ಸದಸ್ಯನೇ ತೆರತಕ್ಕದ್ದು ಎಂಬುದು ಸಾಮಾನ್ಯವಾದ ನಿಯಮ. ಅಮೆರಿಕಾದ ತೆರಿಗೆಯ ಅಧಿಕಾರಿಗಳು 1971ನೆಯ ಇಸವಿಯಲ್ಲಿ ಹೊರಡಿಸಿದ ವಿಧಿಯೊಂದರಲ್ಲಿ, ಎಂಟು ಮಂದಿಗೆ ಮೀರದ ಗುಂಪಿನಲ್ಲಿ ಒಬ್ಬನಾದರೂ ಸದಸ್ಯನಿದ್ದು ಅವನೇ ಹಣ ತೆತ್ತರೆ ಉಳಿದವರನ್ನು ಅವನ ಅತಿಥಿಗಳೆಂದೇ ಗಣಿಸಬೇಕೆಂದಿದೆ. ಲೆಕ್ಕ ನೋಡುವ ಗುಮಾಸ್ತನಿಗೂ ಗಿರಾಕಿ ಬೇರೆ, ಅತಿಥಿ ಬೇರೆ ಎಂಬ ವಿವೇಕವುಂಟು. ಆ ವಿವೇಕವು ಭೋಜನಶಾಲೆಯ ಮೇಲ್ವಿಚಾರಕರಿಗೆ ಇಲ್ಲದಿರುವುದೇ ಇಲ್ಲಿಯ ವ್ಯಾಜ್ಯ.

ಮನೆಯೆಂದ ಮೇಲೆ ಮನೆಯ ಧರ್ಮವೂ ಕೂಡಿಯೇ ಬರುವುದು. ತಿಥಿಯನ್ನು ನೋಡದೆ ಬಂದವನು ಅತಿಥಿ. ಅವನನ್ನು ದೇವರೆಂದು ಕಾಣಬೇಕೆಂಬುದು ತೈತ್ತಿರೀಯೋಪನಿಷತ್ತಿನಲ್ಲಿ ಗುರುವು ಶಿಷ್ಯನಿಗೆ ಮಾಡುವ ಉಪದೇಶ. ಕರೆಯದೆ ಬಂದವನ ವಿಷಯದಲ್ಲಿಯೇ ಹೀಗಿರುವಾಗ, ಕರೆದು ಕರೆತಂದವನನ್ನು ಎಲೆಯ ಮುಂದಿನಿಂದ ಎಬ್ಬಿಸುವ ಮನೆಯನ್ನು ಮನೆಯೆಂದು ಕರೆಯುವುದಾದರೂ ಹೇಗೆ? ಬಡವನು ಗಂಜಿಯನ್ನೇ ಬಡಿಸಬಹುದು. ಬಡಿಸಿದ ಮೇಲೆ ಎಬ್ಬಿಸನು. ಮಹಾಭಾರತದ ಆಶ್ವಮೇಧಿಕ ಪರ್ವದಲ್ಲಿ ಮುಂಗುಲಿಯ ಕಥೆಯಿದೆ. ಹಸಿದ ಬಡ ಬ್ರಾಹ್ಮಣನ ಸಂಸಾರವು ತಮ್ಮ ಪಾಲಿನ ಹಿಟ್ಟನ್ನೆಲ್ಲ ಅತಿಥಿಗೆ ಕೊಟ್ಟ ಸ್ಥಳದಲ್ಲಿ ಹೊರಳಿ ಅರ್ಧದೇಹವು ಹೊನ್ನಾದ ಆ ಪ್ರಾಣಿಯು, ಉಳಿದರ್ಧವನ್ನೂ ಹೊನ್ನಾಗಿಸಿಕೊಳ್ಳಲು ಯುಧಿಷ್ಠಿರನ ಮಹಾಯಾಗದ ಶಾಲೆಗೆ ಬಂದು ಹೊರಳಿತು. ಒಂದು ಕೂದಲೂ ಹೊನ್ನಾಗಲಿಲ್ಲ. ಬೆಳ್ಳಿಯ ಚಮಚಗಳನ್ನೂ ಬಿಳಿಯ ಮೇಜುವಸ್ತ್ರಗಳನ್ನೂ ಎಣಿಸಿಕೊಂಡು ತಮ್ಮ ಅಂತಸ್ತನ್ನು ಅಳೆಯುವವರು ಈ ಕಥೆಯನ್ನು ಒಮ್ಮೆ ಓದುವುದು ಹಿತಕರ.

ಅತಿಥಿಯನ್ನು ಅವಮಾನಗೊಳಿಸಿದುದರಿಂದಲೇ ಈ ದೇಶದ ಕೆಲವು ಕ್ಲಬ್ಬುಗಳು ಹುಟ್ಟಿದುವೆಂಬುದು ವಿಚಾರಾರ್ಹವಾದ ಸಂಗತಿ. ವೈಸರಾಯ್ ಲಾರ್ಡ್ ಮಿಂಟೋರವರು ಪ್ರಸಿದ್ಧ ಶಿಲ್ಪವಿದ್ಯಾವಿಶಾರದರಾದ ರಾಜೇಂದ್ರನಾಥ ಮುಖರ್ಜಿಯವರನ್ನು ಕಲ್ಕತ್ತೆಯ ಬೆಂಗಾಲ್ ಕ್ಲಬ್ಬಿಗೆ ಭೋಜನಕ್ಕೆ ಕರೆದರೆಂದೂ, ಭಾರತೀಯನೆಂಬ ಕಾರಣದಿಂದ ಅವರಿಗೆ ಅಲ್ಲಿ ಪ್ರವೇಶವು ದೊರೆಯಲಿಲ್ಲವೆಂದೂ, ಅದರ ಫಲವಾಗಿ 1907ನೆಯ ಇಸವಿಯಲ್ಲಿ ಕಲ್ಕತ್ತಾ ಕ್ಲಬ್ಬು ಸ್ಥಾಪಿತವಾಯಿತೆಂದೂ ಹೇಳಿಕೊಂಡು ಬಂದಿರುವರು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯದು. ಮುಂಬಯಿಯ ಗವರ್ನರ್ ಲಾರ್ಡ್ ವಿಲಿಂಗ್‌ಡನ್‌ರವರಿಗೂ ತಮ್ಮ ಭಾರತೀಯ ಅತಿಥಿಗಳ ವಿಷಯದಲ್ಲಿ ಅಂಥದೇ ಅನುಭವವಾಗಿ, ಎರಡು ಜನಾಂಗದವರಿಗೂ ತೆರೆದ ವಿಲಿಂಗ್‌ಡನ್ ಕ್ಲಬ್ಬು 1918ನೆಯ ಇಸವಿಯಲ್ಲಿ ಹುಟ್ಟಿತೆಂಬುದು ಪ್ರಸಿದ್ಧವಾದ ವೃತ್ತಾಂತ. ಬೆಂಗಳೂರಿನಲ್ಲಿ, ದಂಡಿನ ಕ್ಲಬ್ಬು ಆಂಗ್ಲ ಅಧಿಕಾರಿಗಳ ಸ್ವತ್ತಾಗಿದ್ದ ಕಾಲದಲ್ಲಿ, ದಿವಾನರಾಗಿದ್ದ ವಿಶ್ವೇಶ್ವರಯ್ಯನವರು 1917ನೆಯ ಇಸವಿಯಲ್ಲಿ ಸೆಂಚುರಿ ಕ್ಲಬ್ಬನ್ನು ಸ್ಥಾಪಿಸಿದರು.

ಅವಮಾನದಿಂದ ಹುಟ್ಟಿದ ಸಂಸ್ಥೆಗಳು ಅವಮಾನದ ಕಹಿಯನ್ನು ಮರೆಯಬಾರದಾಗಿತ್ತು. ಆದರೆ ಅತ್ತೆಯ ಕಾಟವನ್ನುಂಡ ಸೊಸೆಯು ತಾನು ಅತ್ತೆಯಾದಾಗ ಆ ಕಾಟವನ್ನೇ ಮುಂದುವರಿಸುವಂತೆ ಆಯಿತು. ಅದೇ ವಿಲಿಂಗ್‌ಡನ್ ಕ್ಲಬ್ಬಿನಲ್ಲಿ 1988ನೆಯ ಇಸವಿಯಲ್ಲಿ ಚಿತ್ರಕಾರ ಎಂ. ಎಫ್. ಹುಸೇನರನ್ನು, ಬರಿಗಾಲಿನಲ್ಲಿ ಬಂದರೆಂಬ ಕಾರಣದಿಂದ, ಹೊರಗೆ ಕಳುಹಿಸಿದರು. ಚೆನ್ನೈ ನಗರದಲ್ಲಿ 2014ನೆಯ ಇಸವಿಯ ಜುಲೈ ತಿಂಗಳಿನಲ್ಲಿ, ಪುಸ್ತಕವೊಂದರ ಬಿಡುಗಡೆಗೆ ಆಹ್ವಾನಿತರಾಗಿ ಬಂದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಹರಿಪರಂದಾಮನ್‌ರವರನ್ನು, ಪಂಚೆಯುಟ್ಟಿರುವರೆಂದು ಕ್ರಿಕೆಟ್ ಸಂಘದ ಕ್ಲಬ್ಬಿನವರು ಬಾಗಿಲಿನಲ್ಲಿಯೇ ತಡೆದರು. ದಿಲ್ಲಿಯ ಗಾಲ್ಫ್ ಕ್ಲಬ್ಬಿನಲ್ಲಿ 2017ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ಸದಸ್ಯರೊಬ್ಬರ ಆಹ್ವಾನದ ಮೇರೆಗೆ ಊಟಕ್ಕೆ ಬಂದು ಕುಳಿತಿದ್ದ ಮೇಘಾಲಯದ ಖಾಸಿ ಸ್ತ್ರೀಯೊಬ್ಬಳನ್ನು, ಅವಳ ಉಡುಪು ಮನೆಗೆಲಸದವಳಂತಿದೆಯೆಂದು ಹೇಳಿ ಮೇಜಿನಿಂದ ಎಬ್ಬಿಸಿದರೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಅವಳು ಉಟ್ಟಿದ್ದುದು ಖಾಸಿ ಜನರು ಹಬ್ಬಹರಿದಿನಗಳಲ್ಲಿಯೂ ಗೌರವದಿಂದ ಧರಿಸುವ ಜೈನ್ಸೆಮ್ ಎಂಬ ಉಡುಗೆ.

ಪೂರ್ವಪಕ್ಷದವರು ಇಲ್ಲಿ ಹೇಳುವುದೇನೆಂದರೆ: ಉಡುಪಿನ ನಿಯಮವು ಸಭ್ಯತೆಗಾಗಿ, ಅದು ಎಲ್ಲರಿಗೂ ಸಮಾನ, ಒಪ್ಪದವರು ಬರಬೇಕಾದುದಿಲ್ಲ. ಇದಕ್ಕೆ ಸಮಾಧಾನ. ಈಜುವ ಉಡುಪಿನಲ್ಲಿ ಊಟಕ್ಕೆ ಬರಕೂಡದು, ಕೆಸರಿನ ಕಾಲಿನಲ್ಲಿ ಕಂಬಳಿಯನ್ನು ತುಳಿಯಕೂಡದು ಎಂಬ ನಿಯಮಗಳು ಸಭ್ಯತೆಗಾಗಿ. ಅವುಗಳನ್ನು ಯಾರೂ ಆಕ್ಷೇಪಿಸರು. ಆದರೆ ಒಂದು ಜನಾಂಗವು ತನ್ನ ಮದುವೆ ಮುಂಜಿಗಳಲ್ಲಿ ಉಡುವ ಶುಭ್ರವಾದ ವಸ್ತ್ರವೇ ಅಸಭ್ಯವೆಂದರೆ, ಆ ಜನಾಂಗವೇ ಅಸಭ್ಯವೆಂದು ಹೇಳಿದಂತಾಯಿತು. ಆ ನಿಯಮವು ಸಮಾನವೆಂಬುದೂ ಶಬ್ದಮಾತ್ರ. ಕೊಕ್ಕರೆಗೂ ನರಿಗೂ ಒಂದೇ ತಟ್ಟೆಯಲ್ಲಿ ಬಡಿಸಿದರೆ ಸಮಾನತೆಯಾಗುವುದಿಲ್ಲವೆಂಬುದನ್ನು ಮಕ್ಕಳೂ ಬಲ್ಲರು. ತಮಿಳುನಾಡಿನ ಶಾಸನಸಭೆಯು 2014ನೆಯ ಇಸವಿಯಲ್ಲಿಯೇ ಶಾಸನವನ್ನು ಮಾಡಿ, ಪಂಚೆ ಮೊದಲಾದ ದೇಶೀಯ ಉಡುಪಿನ ಕಾರಣದಿಂದ ಯಾರನ್ನೂ ಕ್ಲಬ್ಬುಗಳಲ್ಲಿ ತಡೆಯಕೂಡದೆಂದೂ, ತಡೆದರೆ ಒಂದು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿಗಳ ದಂಡವೆಂದೂ ವಿಧಿಸಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಅಲ್ಲಿಯ ಕ್ಲಬ್ಬುಗಳು ಮುಚ್ಚಿಹೋಗಲೂ ಇಲ್ಲ.

ದಿಲ್ಲಿಯ ಪ್ರಸಂಗದಲ್ಲಿ ಉಡುಪೆಂಬುದು ನೆವ, ಉದ್ದೇಶವು ಬೇರೆ. ಮಕ್ಕಳನ್ನು ನೋಡಿಕೊಳ್ಳುವ ಆಯಾಗಳೂ ಸೇವಕರೂ ಯಜಮಾನರ ಮೇಜಿನಲ್ಲಿ ಕುಳಿತುಕೊಳ್ಳಕೂಡದು, ಅವರಿಗೆ ಬೇರೆ ಸ್ಥಳವುಂಟು ಎಂಬುದೇ ಅದರ ಒಳತಿರುಳು. ಇದು ಪಾಶ್ಚಾತ್ಯರಿಂದ ಕಲಿತ ಶಿಷ್ಟಾಚಾರವೆಂದು ಕೆಲವರು ತಿಳಿದಿರಬಹುದು. ಹಾಗಲ್ಲ, ಇದು ಇಲ್ಲಿಯ ಹಳೆಯ ರೋಗವೇ. ಮನುಸ್ಮೃತಿಯ ಮೂರನೆಯ ಅಧ್ಯಾಯವನ್ನು ತೆರೆದು ನೋಡಿದರೆ, ಗೃಹಸ್ಥನು ಅತಿಥಿಗೆ ಬಡಿಸಿ ತಾನು ಕೊನೆಗೆ ಉಣ್ಣಬೇಕೆಂಬ ಉದಾತ್ತವಾದ ವಿಧಿಯೂ ಅಲ್ಲಿದೆ. ವೈಶ್ಯನೋ ಶೂದ್ರನೋ ಅತಿಥಿಯಾಗಿ ಬಂದರೆ ಅವನಿಗೆ ಮನೆಯ ಭೃತ್ಯರ ಜೊತೆಯಲ್ಲಿ ಊಟ ಹಾಕಬೇಕೆಂಬ ವಿಧಿಯೂ ಅಲ್ಲಿಯೇ ಇದೆ. ಸಂಸ್ಕೃತಾಭಿಮಾನಿಗಳು ಮೊದಲನೆಯದನ್ನು ಸಭೆಗಳಲ್ಲಿ ಹೇಳುವರು, ಎರಡನೆಯದನ್ನು ಮರೆಸುವರು. ಮರೆಸುವುದರಿಂದ ಶಾಸ್ತ್ರಕ್ಕೆ ಗೌರವವು ಹೆಚ್ಚುವುದಿಲ್ಲ. ಆ ಎರಡನೆಯ ವಿಧಿಯೇ ಇಂದು ಕೋಟು ಬೂಟುಗಳನ್ನು ತೊಟ್ಟುಕೊಂಡು, ಆಂಗ್ಲಭಾಷೆಯನ್ನಾಡುತ್ತ, ಕ್ಲಬ್ಬುಗಳ ಬಾಗಿಲಿನಲ್ಲಿ ನಿಂತಿದೆ. ಹುಟ್ಟಿನಿಂದ ಪಂಕ್ತಿಭೇದ ಮಾಡುತ್ತಿದ್ದ ಕಾಲವನ್ನು ಅನಾಗರಿಕವೆಂದು ನಗುವ ಸುಶಿಕ್ಷಿತರು, ಉಡಿಗೆಯಿಂದಲೂ ಉದ್ಯೋಗದಿಂದಲೂ ಪಂಕ್ತಿಭೇದ ಮಾಡುವ ತಮ್ಮ ಕಾಲವನ್ನು ಏನೆಂದು ಕರೆಯುವರು?

ಸೇವೆಗಾಗಿ ಬಂದು ಹೊರಗೆ ಕಾದಿರುವವರು ಬೇರೆ ಎಂಬ ಮಾತನ್ನು ಒಪ್ಪಬಹುದು. ಆದರೆ ಸದಸ್ಯನು ಒಬ್ಬಳನ್ನು ಊಟಕ್ಕೆಂದು ಕರೆದ ಗಳಿಗೆಯಿಂದ ಅವಳು ಅತಿಥಿ. ಅವಳ ಜೀವನೋಪಾಯವು ಯಾವುದೆಂಬ ವಿಚಾರಣೆಯು ಅಲ್ಲಿಗೆ ಮುಗಿಯಿತು. ಅತಿಥಿತ್ವವು ಕರೆದವನ ಮಾತಿನಿಂದ ಸಿದ್ಧಿಸುವುದೇ ಹೊರತು ಕರೆಯಲ್ಪಟ್ಟವಳ ಸೀರೆಯ ಬೆಲೆಯಿಂದಲ್ಲ.

ಖಾಸಗಿತನದ ವಾದಕ್ಕೆ ಅಮೆರಿಕಾ ದೇಶದ ಒಂದು ವ್ಯಾಜ್ಯವು ನಿಚ್ಚಳವಾದ ಉತ್ತರವನ್ನು ಕೊಡುವುದು. ಪೆನ್ಸಿಲ್ವೇನಿಯಾ ಪ್ರಾಂತದ ರಾಜಧಾನಿಯಾದ ಹ್ಯಾರಿಸ್‌ಬರ್ಗಿನಲ್ಲಿ ಮೂಸ್ ಲಾಡ್ಜ್ ಎಂಬ ಖಾಸಗಿ ಕ್ಲಬ್ಬಿತ್ತು. ಆ ಪ್ರಾಂತದ ಶಾಸನಸಭೆಯ ಸದಸ್ಯರಾದ ಲೆರಾಯ್ ಅರ್ವಿಸ್ ಎಂಬ ನೀಗ್ರೋ ಜನಾಂಗದ ಮುಖಂಡರನ್ನು ಅದರ ಬಿಳಿಯ ಸದಸ್ಯನೊಬ್ಬನು 1968ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ಭೋಜನಕ್ಕೆ ಕರೆದೊಯ್ದನು. ಬಣ್ಣವೊಂದನ್ನೇ ನೋಡಿ ಅವರಿಗೆ ಬಡಿಸಲೊಲ್ಲೆವೆಂದರು. ಸರಕಾರವು ಮದ್ಯದ ಪರವಾನಗಿಯನ್ನು ಕೊಟ್ಟ ಮಾತ್ರಕ್ಕೆ ಕ್ಲಬ್ಬಿನ ಕೃತ್ಯವು ಸರಕಾರದ ಕೃತ್ಯವಾಗುವುದಿಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1972ನೆಯ ಇಸವಿಯಲ್ಲಿ, ಆರು ಮಂದಿಯ ಬಹುಮತದಿಂದ, ಹೇಳಿತು, ಮೂವರು ಒಪ್ಪಲಿಲ್ಲ. ಪೂರ್ವಪಕ್ಷದವರು ಈ ಅರ್ಧವನ್ನೇ ಎತ್ತಿ ಹಿಡಿಯುವರು. ಉಳಿದರ್ಧವನ್ನೂ ಕೇಳಬೇಕು. ಅದೇ ವರ್ಷ ಪೆನ್ಸಿಲ್ವೇನಿಯಾದ ಸರ್ವೋಚ್ಚ ನ್ಯಾಯಾಲಯವು, ಸದಸ್ಯತ್ವದ ಮಾತು ಏನೇ ಇರಲಿ, ಸದಸ್ಯರ ಅತಿಥಿಗಳಿಗೆಂದು ತೆರೆದ ಭೋಜನಶಾಲೆಯು ಅಷ್ಟರ ಮಟ್ಟಿಗೆ ಸಾರ್ವಜನಿಕ ಸ್ಥಳವೇ ಆಗಿರುವುದರಿಂದ, ಆ ಪ್ರಾಂತದ ಶಾಸನದ ಪ್ರಕಾರ ಅಲ್ಲಿ ಅತಿಥಿಗಳಲ್ಲಿ ವರ್ಣಭೇದ ಮಾಡಕೂಡದೆಂದು ನಿರ್ಣಯಿಸಿತು. ಆ ಅರ್ವಿಸರೇ ಮುಂದೆ 1977ನೆಯ ಇಸವಿಯಲ್ಲಿ ಶಾಸನಸಭೆಯ ಅಧ್ಯಕ್ಷಪೀಠವನ್ನೇರಿದರು. ಸದಸ್ಯರನ್ನು ಆರಿಸಿಕೊಳ್ಳುವುದು ಕ್ಲಬ್ಬಿನ ಸ್ವಾತಂತ್ರ್ಯ. ಅತಿಥಿಗಳಿಗೆ ಬಾಗಿಲು ತೆರೆದ ಮೇಲೆ ಅವರಲ್ಲಿ ಭೇದವೆಣಿಸುವುದು ಸ್ವಾತಂತ್ರ್ಯವಲ್ಲ, ಸ್ವೇಚ್ಛೆ.

ಭಾರತದ ಸಂವಿಧಾನವು 15ನೆಯ ಅನುಚ್ಛೇದದಲ್ಲಿ ಅಂಗಡಿ, ಸಾರ್ವಜನಿಕ ಭೋಜನಾಲಯ, ಹೋಟೆಲುಗಳ ಪ್ರವೇಶಕ್ಕೆ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳು ಅಡ್ಡಿಯಾಗಕೂಡದೆಂದಿದೆ. ಕ್ಲಬ್ಬು ಸಾರ್ವಜನಿಕವಲ್ಲವೆಂದು ನುಣುಚಿಕೊಳ್ಳುವವರಿಗೆ ಇನ್ನೊಂದು ಪ್ರಶ್ನೆ: ಮನೆಯೆನ್ನುವಿರಾದರೆ ಆ ಮನೆಯು ನಿಂತಿರುವ ನೆಲವು ಯಾರದು? ದಿಲ್ಲಿಯ ಗಾಲ್ಫ್ ಕ್ಲಬ್ಬಿನ ವಿಸ್ತಾರವಾದ ಬಯಲು ಸರಕಾರವು ಗುತ್ತಿಗೆಗೆ ಕೊಟ್ಟ ಭೂಮಿ. ಬೆಂಗಳೂರಿನ ಸೆಂಚುರಿ ಕ್ಲಬ್ಬು ನಿಂತಿರುವುದು ಕಬ್ಬನ್ ಉದ್ಯಾನದಲ್ಲಿ, ಮೈಸೂರಿನ ಮಹಾರಾಜರಿಂದ ಬಂದ ಏಳೂವರೆ ಎಕರೆ ನೆಲದ ಮೇಲೆ. ಆ ಕಾರಣದಿಂದಲೇ ಕರ್ನಾಟಕದ ಉಚ್ಚ ನ್ಯಾಯಾಲಯವು 2025ನೆಯ ಇಸವಿಯಲ್ಲಿ, ಮಾಹಿತಿಯ ಹಕ್ಕಿನ ಮಟ್ಟಿಗೆ ಅದು ಸಾರ್ವಜನಿಕ ಪ್ರಾಧಿಕಾರವೆಂದು ತೀರ್ಪಿತ್ತಿತು. ಊರಿನ ನೆಲದಲ್ಲಿ ಮನೆ ಕಟ್ಟಿ, ಊರಿನವರು ಬಂದಾಗ ಇದು ಸ್ವಂತ ಮನೆಯೆನ್ನುವುದು, ಉಂಡ ಮನೆಯ ಜಂತೆಯನ್ನು ಎಣಿಸಿದಂತೆ.

ಬೆಂಗಳೂರು ಕ್ಲಬ್ಬಿನಲ್ಲಿ 1899ನೆಯ ಇಸವಿಯ ಲೆಕ್ಕದ ಪುಸ್ತಕವೊಂದನ್ನು ಜೋಪಾನವಾಗಿ ಇಟ್ಟಿರುವರು. ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್ ಎಂಬ ತರುಣ ಅಧಿಕಾರಿಯು ತೀರಿಸದೆ ಹೋದ 13 ರೂಪಾಯಿಗಳ ಬಾಕಿಯು ಅದರಲ್ಲಿ ದಾಖಲಾಗಿದೆ. ಬಂದವರು ಅದನ್ನು ಕೌತುಕದಿಂದ ನೋಡುವರು. ಹಣ ಕೊಡದೆ ಹೋದ ಸದಸ್ಯನ ಸ್ಮರಣೆಯು ಕ್ಲಬ್ಬಿಗೆ ಅಲಂಕಾರವಾಗಬಹುದಾದರೆ, ಪಂಚೆಯುಟ್ಟು ಬಂದ ಅತಿಥಿಯೊಬ್ಬನ ಉಪಸ್ಥಿತಿಯಿಂದ ಯಾವ ಕ್ಲಬ್ಬಿನ ಗೌರವಕ್ಕೂ ಕುಂದು ಬರುವುದೆಂದು ಹೇಳುವುದು ಕಷ್ಟ.

ಆದಕಾರಣ ಕ್ಲಬ್ಬುಗಳ ಆಡಳಿತಮಂಡಲಿಗಳು ಮಾಡತಕ್ಕ ಕಾರ್ಯಗಳು ಕಠಿನವಾದುವಲ್ಲ. ಹಣಕ್ಕೆ ಊಟವಿಲ್ಲವೆಂಬ ನಿಯಮವಿದ್ದರೆ ಅದನ್ನು ಹೆಬ್ಬಾಗಿಲಿನಲ್ಲಿ ದೇಶಭಾಷೆಯಲ್ಲಿ ಬರೆದು ಹಾಕಲಿ. ಅತಿಥಿಗಳ ಸಂಖ್ಯೆಗೆ ಮಿತಿಯಿರಲಿ. ಅವರ ಯೋಗ್ಯತೆಗೆ ಪರೀಕ್ಷೆ ಬೇಡ. ಶುಚಿಯಾದ ದೇಶೀಯ ಉಡುಪೆಲ್ಲವೂ ಸಭ್ಯವಾದ ಉಡುಪೆಂದು ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಸೇರಲಿ. ಆಕ್ಷೇಪಣೆಯೇನಾದರೂ ಇದ್ದರೆ ಕರೆತಂದ ಸದಸ್ಯನನ್ನು ಪ್ರತ್ಯೇಕವಾಗಿ ಕರೆದು ಕೇಳಲಿ. ಎಲೆಯ ಮುಂದೆ ಕುಳಿತವರೊಡನೆ ಆ ಮಾತನ್ನೆತ್ತುವ ಅಧಿಕಾರವು ಯಾವ ನೌಕರನಿಗೂ ಇಲ್ಲದಿರಲಿ.

ಸದಸ್ಯರಿಗೆ ಇದಕ್ಕಿಂತಲೂ ಹೆಚ್ಚಿನ ಕರ್ತವ್ಯವುಂಟು. ಬಾಗಿಲಿನ ನೌಕರನು ಸಂಬಳಕ್ಕಾಗಿ ಮೇಲಿನವರ ಆಜ್ಞೆಯನ್ನು ನಡೆಯಿಸುವನು. ಅವನನ್ನು ದೂರಿ ಫಲವಿಲ್ಲ. ಆ ಆಜ್ಞೆಯು ಹುಟ್ಟಿದುದು ಸದಸ್ಯರ ಸಭೆಯಲ್ಲಿ, ಅವರು ಎತ್ತಿದ ಕೈಗಳಿಂದ ಅಥವಾ ಎತ್ತದೆ ಬಿಟ್ಟ ಕೈಗಳಿಂದ. ಪಕ್ಕದ ಮೇಜಿನಿಂದ ಒಬ್ಬ ಅತಿಥಿಯನ್ನು ಎಬ್ಬಿಸುತ್ತಿರುವಾಗ ತಲೆ ತಗ್ಗಿಸಿ ತಮ್ಮ ತುತ್ತನ್ನು ನುಂಗುವವರು ಆ ಅನ್ಯಾಯದಲ್ಲಿ ಪಾಲುಗಾರರು. ಮಾನ್ಯರಾದ ಹತ್ತು ಮಂದಿ ಸದಸ್ಯರು ಅತಿಥಿಯೊಡನೆ ತಾವೂ ಕೈತೊಳೆದು ಎದ್ದು ಹೊರಟರೆ, ಮಾರನೆಯ ದಿನವೇ ಆ ನಿಯಮವು ತಾನಾಗಿ ಅಳಿಯುವುದು; ನ್ಯಾಯಾಲಯದ ತೀರ್ಪಿಗಾಗಿಯೂ ಶಾಸನಸಭೆಯ ವಿಧೇಯಕಕ್ಕಾಗಿಯೂ ಕಾದಿರಬೇಕಾದ ಪ್ರಸಂಗವು ಬಾರದು.